ಕೈಗೆ ಸಿಗದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ: ಹೆಜ್ಜೆ ಹೆಜ್ಜೆಗೂ ಏನು ಕೇಳಬೇಕು?

ಸ್ತನದ ಎಕ್ಸ್‌ರೇ ಆದ ಮ್ಯಾಮೊಗ್ರಾಮ್‌ನಲ್ಲಿ ರವೆಯ ಕಾಳಿಗಿಂತ ಸಣ್ಣ ಬಿಳಿ ಸುಣ್ಣದ ಚುಕ್ಕೆಗಳ ಗುಂಪು. ಮುಟ್ಟಿದರೆ ಗಂಟಿಲ್ಲ, ನೋವೂ ಇಲ್ಲ. ಬಯಾಪ್ಸಿ ವರದಿ ಮಾತ್ರ ‘ಡಿಸಿಐಎಸ್’ ಎನ್ನುತ್ತದೆ. ಹಾಲಿನ ನಾಳದೊಳಗಿನ ಜೀವಕೋಶಗಳು ಕ್ಯಾನ್ಸರ್‌ಗೆ ತಿರುಗಿವೆ, ಆದರೆ ನಾಳದ ಗೋಡೆ ದಾಟಿಲ್ಲ ಎಂದು ಅದರ ಅರ್ಥ. ವೈದ್ಯರ ಲೆಕ್ಕದಲ್ಲಿ ಇದು ಸೊನ್ನೆಯ ಹಂತ. ಮನೆಯವರ ಕಿವಿಗೆ ಬೀಳುವುದು ‘ಕ್ಯಾನ್ಸರ್’ ಎಂಬ ಮಾತೊಂದೇ. ‘ಪೂರ್ತಿ ತೆಗೆಸಿಬಿಡಿ, ಪೀಡೆ ಕಳೆಯಲಿ’ ಎಂಬ ಸಲಹೆ ಸಂಜೆಯೊಳಗೆ ಬಂದಿರುತ್ತದೆ.

ಮೊದಲ ಹೆಜ್ಜೆ: ಅವಸರ ಬಿಡಿ

ನಾಳೆಯೇ ಆಪರೇಷನ್ ಆಗಬೇಕಾದ ಕಾಯಿಲೆ ಇದಲ್ಲ. ಕೆಲವು ದಿನ ಯೋಚಿಸಲು ಸಮಯವಿದೆ. ಗ್ರೇಡ್ (ಜೀವಕೋಶಗಳು ಎಷ್ಟು ಕೆಟ್ಟಿವೆ ಎಂಬ ಅಳತೆ) ಎಷ್ಟು, ಚುಕ್ಕೆಗಳು ಎಷ್ಟು ಮಿ.ಮೀ. ಹರಡಿವೆ, ಇಆರ್ ಪಾಸಿಟಿವ್ (ಈಸ್ಟ್ರೊಜೆನ್ ಹಾರ್ಮೋನಿಗೆ ಸ್ಪಂದಿಸುವ ಬಗೆ) ಹೌದೇ ಎಂದು ಕೇಳಿ ಬರೆದುಕೊಳ್ಳಿ. ಬಯಾಪ್ಸಿಯ ಸ್ಲೈಡುಗಳನ್ನು ಬೆಂಗಳೂರಿನ ಕಿದ್ವಾಯಿ, ಮುಂಬೈನ ಟಾಟಾ ಸ್ಮಾರಕದಂತಹ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇನ್ನೊಮ್ಮೆ ನೋಡಿಸಬಹುದು. ಹಾಗೆ ಕೇಳಿದರೆ ನಿಮ್ಮ ವೈದ್ಯರಿಗೆ ಅವಮಾನವೇನೂ ಅಲ್ಲ.

ಎರಡನೆಯದು: ಭಾಗವೇ, ಪೂರ್ತಿಯೇ?

ಕಾಯಿಲೆಯಿರುವ ಭಾಗವನ್ನಷ್ಟೇ ತೆಗೆಯುವುದು ಲಂಪೆಕ್ಟಮಿ. ಇಡೀ ಸ್ತನ ತೆಗೆಯುವುದು ಮಾಸ್ಟೆಕ್ಟಮಿ. ಪೂರ್ತಿ ತೆಗೆಸಿಕೊಂಡವರು ಹೆಚ್ಚು ಕಾಲ ಬದುಕುತ್ತಾರೆ ಎಂಬ ನಂಬಿಕೆಗೆ ಆಧಾರವಿಲ್ಲ. ಕಾಯಿಲೆ ಸ್ತನದ ಹಲವು ಭಾಗಗಳಿಗೆ ಹಬ್ಬಿದ್ದರೆ, ಎದೆಗೆ ಮೊದಲೇ ವಿಕಿರಣ ಕೊಡಿಸಿದ್ದರೆ, ಅಥವಾ ಎಲ್ಲ ತಿಳಿದ ಮೇಲೆಯೂ ಕಾಯಿಲೆಯಾದ ಮಹಿಳೆಯೇ ಅದನ್ನು ಬಯಸಿದರೆ ಮಾಸ್ಟೆಕ್ಟಮಿ ಸರಿ. ಅತ್ತೆ ಅಥವಾ ಗಂಡನ ಭಯಕ್ಕಾಗಿ ಅಲ್ಲ.

ಮೂರನೆಯದು: ಆಪರೇಷನ್ ದಿನ

ಗಂಟೇ ಇಲ್ಲದಿದ್ದರೆ ಸರ್ಜನ್ ಎಲ್ಲಿ ಕತ್ತರಿಸಬೇಕು? ಅದಕ್ಕಾಗಿ ಮೊದಲು ಎಕ್ಸ್‌ರೇ ವಿಭಾಗದಲ್ಲಿ ಮ್ಯಾಮೊಗ್ರಾಮ್ ನೋಡುತ್ತ ಚುಕ್ಕೆಗಳಿರುವ ಜಾಗಕ್ಕೆ ತೆಳ್ಳನೆಯ ತಂತಿಯೊಂದನ್ನು ಇಳಿಸುತ್ತಾರೆ. ತಂತಿಯ ಹೊರತುದಿಯನ್ನು ಚರ್ಮಕ್ಕೆ ಅಂಟಿಸಿ, ಆಮೇಲೆ ಆಪರೇಷನ್ ಕೋಣೆಗೆ ಕಳಿಸುತ್ತಾರೆ. ಸರ್ಜನ್ ತಂತಿಯ ಜಾಡು ಹಿಡಿದು ಹೋಗಿ, ಸುತ್ತಲಿನ ಒಂದಿಷ್ಟು ಆರೋಗ್ಯವಂತ ಅಂಗಾಂಶದೊಂದಿಗೆ ಆ ಭಾಗವನ್ನು ತೆಗೆಯುತ್ತಾರೆ. ತುಣುಕಿನ ಯಾವ ಬದಿ ಮೇಲಿತ್ತು, ಯಾವುದು ಪಕ್ಕದಲ್ಲಿತ್ತು ಎಂದು ಗೊತ್ತಾಗಲು ಒಂದೆಡೆ ಗಿಡ್ಡ ಹೊಲಿಗೆ, ಇನ್ನೊಂದೆಡೆ ಉದ್ದ ಹೊಲಿಗೆ ಹಾಕುತ್ತಾರೆ. ಗಾಯ ಮುಚ್ಚುವ ಮೊದಲೇ ಆ ತುಣುಕಿನ ಎಕ್ಸ್‌ರೇ ತೆಗೆದು, ಚುಕ್ಕೆಗಳೆಲ್ಲ ಬಂದವೇ ಎಂದು ನೋಡುತ್ತಾರೆ. ‘ಈ ಎಕ್ಸ್‌ರೇ ಇಲ್ಲಿ ಮಾಡುತ್ತೀರಾ?’ ಎಂದು ಮುಂಚಿತವಾಗಿಯೇ ಕೇಳಿ. ಸುಣ್ಣದ ಚುಕ್ಕೆಗಳಿದ್ದ ಪ್ರಕರಣಗಳಲ್ಲಿ ನಾನು ಆಸ್ಪತ್ರೆಯನ್ನು ಅಳೆಯುವುದು ಈ ಒಂದು ಪ್ರಶ್ನೆಯಿಂದಲೇ.

ಲಂಪೆಕ್ಟಮಿಯಾದರೆ ಕಂಕುಳ ಗ್ರಂಥಿಗಳನ್ನು ಸಾಮಾನ್ಯವಾಗಿ ಮುಟ್ಟಬೇಕಿಲ್ಲ. ಮಾಸ್ಟೆಕ್ಟಮಿಯಲ್ಲಿ ಒಂದೆರಡು ಕಾವಲು ಗ್ರಂಥಿಗಳನ್ನು, ಅಂದರೆ ಕಾಯಿಲೆ ಹರಡಿದರೆ ಕಂಕುಳಲ್ಲಿ ಮೊದಲು ತಲುಪುವ ಗ್ರಂಥಿಗಳನ್ನು, ತೆಗೆದು ಪರೀಕ್ಷಿಸುತ್ತಾರೆ. ಸ್ತನ ಹೋದ ಮೇಲೆ ಅವು ಯಾವುವೆಂದು ಗುರುತಿಸುವ ದಾರಿ ಇರುವುದಿಲ್ಲ.

ನಾಲ್ಕನೆಯದು: 2 ಮಿ.ಮೀ.

ಪೆಥಾಲಜಿ ವರದಿ ಬಂದಾಗ ಮೊದಲು ನೋಡಬೇಕಾದದ್ದು ಅಂಚು. ಕಾಯಿಲೆಗೂ ತುಣುಕಿನ ಅಂಚಿಗೂ ನಡುವೆ 2 ಮಿ.ಮೀ. ಅಂತರವಿದ್ದರೆ ಸಾಕು ಎಂದು 2016ರಲ್ಲಿ ಅಮೆರಿಕದ ತಜ್ಞ ಸಂಘಗಳು ಒಪ್ಪಿಕೊಂಡಿವೆ. ಅಂಚಿನಲ್ಲೇ ಕಾಯಿಲೆ ಉಳಿದಿದ್ದರೆ ಮತ್ತೊಮ್ಮೆ ಆಪರೇಷನ್ ಆಗಬೇಕಾಗುತ್ತದೆ. ಅದು ಸರ್ಜನ್ ಮಾಡಿದ ತಪ್ಪೆಂದು ಜಗಳಕ್ಕೆ ನಿಲ್ಲಬೇಡಿ; ಕಾಯಿಲೆ ನಾಳದ ಉದ್ದಕ್ಕೂ ಹಬ್ಬಿರುವುದು ಎಕ್ಸ್‌ರೇಯಲ್ಲಿ ಪೂರ್ತಿ ಕಾಣುವುದಿಲ್ಲ.

ಆಮೇಲೆ

ಲಂಪೆಕ್ಟಮಿಯ ನಂತರದ ವಿಕಿರಣ ಚಿಕಿತ್ಸೆ, ಅದೇ ಸ್ತನದಲ್ಲಿ ಕಾಯಿಲೆ ಮರಳುವ ಸಂಭವವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಮರಳಿದವುಗಳಲ್ಲಿ ಅರ್ಧದಷ್ಟು ಗೋಡೆ ದಾಟಿದ ಕ್ಯಾನ್ಸರೇ ಆಗಿರುವುದರಿಂದ ಈ ಲೆಕ್ಕ ಸಣ್ಣದಲ್ಲ. ಇಆರ್ ಪಾಸಿಟಿವ್ ಇದ್ದರೆ ಆ ಹಾರ್ಮೋನಿನ ಪ್ರಭಾವ ತಡೆಯುವ ಟ್ಯಾಮೊಕ್ಸಿಫೆನ್‌ನಂತಹ ಮಾತ್ರೆಯ ಮಾತು ಬರುತ್ತದೆ. ಬರೀ ಡಿಸಿಐಎಸ್‌ಗೆ ಕೀಮೋ ಬೇಡ.

ಕತ್ತರಿಸದೆ ಕಾಯಬಹುದೇ? 2024ರ ಡಿಸೆಂಬರ್‌ನಲ್ಲಿ ಹೊರಬಂದ ಅಮೆರಿಕದ ಕಾಮೆಟ್ ಅಧ್ಯಯನವು ಕಡಿಮೆ ಅಪಾಯದ ಡಿಸಿಐಎಸ್‌ನ ಮಹಿಳೆಯರನ್ನು ನೋಡಿತು. ಎರಡು ವರ್ಷಗಳಲ್ಲಿ ಗೋಡೆ ದಾಟಿದ ಕ್ಯಾನ್ಸರ್ ಕಂಡದ್ದು ಆಪರೇಷನ್ ಗುಂಪಿನಲ್ಲಿ ಶೇ 5.9, ಕತ್ತರಿಸದೆ ನಿಗಾ ಇಟ್ಟ ಗುಂಪಿನಲ್ಲಿ ಶೇ 4.2. ಭರವಸೆಯ ಅಂಕಿಯೇ, ಆದರೆ ಎರಡು ವರ್ಷ ಬಹಳ ಚಿಕ್ಕ ಅವಧಿ. ಗ್ರೇಡ್ ಹೆಚ್ಚಿರುವವರು ಇದನ್ನು ನೆಚ್ಚಿಕೊಂಡು ಕೂರುವಂತಿಲ್ಲ.

ಹಳೆಯ ಮ್ಯಾಮೊಗ್ರಾಮ್ ಫಿಲ್ಮ್‌ಗಳನ್ನು ಬಿಸಾಡಬೇಡಿ. ಪ್ರತಿ ವರ್ಷದ ತಪಾಸಣೆಯಲ್ಲಿ ಹೊಸ ಚಿತ್ರವನ್ನು ಅವುಗಳ ಪಕ್ಕದಲ್ಲಿಟ್ಟೇ ನೋಡುತ್ತಾರೆ.