ಮೇಲಿಂದ ಕೂಗಿದರೆ ಕೇಳುತ್ತೆ, ಕೆಳಗಿಂದ ಕೂಗಿದರೆ ಇಲ್ಲ

ಎಲ್ಲ ಶುರುವಾಗಿದ್ದು ಒಂದು ಮದುವೆ ಕಾರ್ಡಿನಿಂದ.

ದಾವಣಗೆರೆಯಲ್ಲಿ ಮನೆಯಲ್ಲೇ ಡಿಟಿಪಿ ಕೆಲಸ ಮಾಡುತ್ತೇನೆ. ಮದುವೆ ಕಾರ್ಡು, ಶಾಲೆಗಳ ಪ್ರಶ್ನೆಪತ್ರಿಕೆ, ಜಾತ್ರೆ ಕರಪತ್ರ, ಇಂಥವು. ಕೆಳಗೆ ಹಾಲ್‌ನಲ್ಲಿ ಹಳೆ ಡೆಸ್ಕ್‌ಟಾಪ್ ಇದೆ, ವಿಂಡೋಸ್ 10. ಇಷ್ಟು ವರ್ಷದ ಫೈಲುಗಳೆಲ್ಲ ಅದರಲ್ಲೇ. ಮಹಡಿ ಕೋಣೆಯಲ್ಲಿ ಹೊಸ ಲ್ಯಾಪ್‌ಟಾಪ್, ವಿಂಡೋಸ್ 11. ಎರಡರ ಮಧ್ಯೆ ಪೆನ್‌ಡ್ರೈವ್ ಹಿಡಿದು ಓಡಾಡೋದು ನನ್ನ ಮಗ.

ಆ ಕಾರ್ಡಿನಲ್ಲಿ ಮುಹೂರ್ತ ಬದಲಾಗಿತ್ತು. 9-45 ಇದ್ದದ್ದು 11-50ರ ಅಭಿಜಿನ್ ಲಗ್ನಕ್ಕೆ ಹೋಗಿತ್ತು. ಕೆಳಗಿನ ಕಂಪ್ಯೂಟರ್‌ನಲ್ಲಿ ತಿದ್ದಿದೆ. ಪೆನ್‌ಡ್ರೈವ್‌ನಲ್ಲಿ ಹಳೆಯದೇ ಉಳಿದಿತ್ತು. ಪ್ರೆಸ್ಸಿಗೆ ಹೋಗಿದ್ದು ಆ ಹಳೆಯದು. 250 ಕಾರ್ಡು ನನ್ನ ಖರ್ಚಿನಲ್ಲೇ ಮತ್ತೆ ಪ್ರಿಂಟ್ ಮಾಡಿಸಿಕೊಟ್ಟೆ. ಅವತ್ತು ರಾತ್ರಿಯೇ ಕೂತೆ, ಇನ್ನು ಪೆನ್‌ಡ್ರೈವ್ ಬೇಡ, ಕೆಳಗಿನ ಫೋಲ್ಡರ್ ಮೇಲಿಂದಲೇ ತೆರೆಯಬೇಕು ಅಂತ.

ಡೆಸ್ಕ್‌ಟಾಪ್‌ನಲ್ಲಿ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಶೇರ್ ಕೊಟ್ಟೆ. ಮೇಲೆ ಹೋಗಿ ಲ್ಯಾಪ್‌ಟಾಪ್‌ನಲ್ಲಿ ‘ನೆಟ್‌ವರ್ಕ್’ ತೆರೆದೆ. ಖಾಲಿ. ಕಂಪ್ಯೂಟರ್ ಹೆಸರನ್ನೇ ಟೈಪ್ ಮಾಡಿದೆ. ‘ನೆಟ್‌ವರ್ಕ್ ಪಾತ್ ಸಿಗಲಿಲ್ಲ’ ಅನ್ನುವ ಸಂದೇಶ, ಪಕ್ಕದಲ್ಲಿ 80070035 ಅಂತ ಕೊನೆಯಾಗುವ ಒಂದು ಕೋಡ್. ಈ ನಂಬರ್ ನನಗೀಗ ಮನೆ ಫೋನ್ ನಂಬರ್ ಥರ ಬಾಯಿಪಾಠ.

ಮುಂದಿನ ಎರಡು ರಾತ್ರಿ ನಾನು ಮಾಡಿದ್ದು ಶುದ್ಧ ಹುಚ್ಚಾಟ. ಒಂದು ವಿಡಿಯೋ ನೋಡಿ ‘ಹೋಮ್‌ಗ್ರೂಪ್’ ಹುಡುಕಿದೆ, ಮನೆಯ ಕಂಪ್ಯೂಟರ್‌ಗಳ ಮಧ್ಯೆ ಫೈಲ್ ಹಂಚಿಕೊಳ್ಳಲು ವಿಂಡೋಸ್‌ನಲ್ಲಿದ್ದ ಸೌಲಭ್ಯ ಅದು. ಒಂದು ಗಂಟೆ ಹುಡುಕಿದರೂ ಸಿಗಲಿಲ್ಲ. ಸಿಗೋದು ಹೇಗೆ, ಅದನ್ನು 2018ರಲ್ಲೇ ವಿಂಡೋಸ್ 10ರಿಂದ ತೆಗೆದುಹಾಕಿದ್ದಾರೆ. ವಿಡಿಯೋ ಅದಕ್ಕಿಂತ ಹಳೆಯದು. ಇನ್ನೊಂದು ವಿಡಿಯೋದವರು ‘ಎಸ್‌ಎಂಬಿ 1.0’ ಅನ್ನೋ ಹಳೆ ಕಾಲದ ಫೈಲ್ ಶೇರಿಂಗ್ ವ್ಯವಸ್ಥೆಗೆ ಟಿಕ್ ಹಾಕಿ ಅಂದರು. ಹಾಕಿದೆ. ಮತ್ತೊಬ್ಬರು ಪಾಸ್‌ವರ್ಡ್ ರಕ್ಷಣೆ ತೆಗೆಯಿರಿ ಅಂದರು. ತೆಗೆದೆ. ಕೊನೆಗೆ ಎರಡರಲ್ಲೂ ಫೈರ್‌ವಾಲ್ ಪೂರ್ತಿ ಆಫ್ ಮಾಡಿದೆ. ಆಗಲೂ ಅದೇ ಕೋಡ್.

ನಾನು ಮಾಡಿದ ದೊಡ್ಡ ತಪ್ಪು ಒಂದೇ. ಎರಡೂ ಕಂಪ್ಯೂಟರ್‌ನಲ್ಲಿ ಇಂಟರ್ನೆಟ್ ಬರ್ತಿದೆ ಅಲ್ವಾ, ಅಂದಮೇಲೆ ನೆಟ್‌ವರ್ಕ್ ಸರಿಯಾಗೇ ಇದೆ ಅಂದುಕೊಂಡಿದ್ದು. ದೋಷ ವಿಂಡೋಸ್ ಒಳಗೇ ಇದೆ ಅಂತ ಅಲ್ಲೇ ಕೆದಕಿದೆ.

ಮೂರನೇ ದಿನ ಬೆಂಗಳೂರಿನಲ್ಲಿರುವ ಅಕ್ಕನ ಮಗನಿಗೆ ಫೋನ್ ಮಾಡಿದೆ. ಅವನು ಸೆಟ್ಟಿಂಗ್ ವಿಷಯವನ್ನೇ ಎತ್ತಲಿಲ್ಲ.

“ಚಿಕ್ಕಮ್ಮ, ಮೊದಲು ಎರಡೂ ಒಂದಕ್ಕೊಂದು ಮಾತಾಡ್ತವಾ ನೋಡಿ. ಕಪ್ಪು ಕಿಟಕಿ ಬರುತ್ತಲ್ಲ, ಕಮಾಂಡ್ ಪ್ರಾಂಪ್ಟ್, ಅದರಲ್ಲಿ ಐಪಿಕಾನ್ಫಿಗ್ ಅಂತ ಹೊಡೀರಿ. ಐಪಿವಿ4 ಅಂತ ಇರೋ ಸಾಲು ಬರ್ಕೊಳ್ಳಿ. ಆಮೇಲೆ ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಪಿಂಗ್ ಮಾಡಿ, ಅಂದ್ರೆ ಕೂಗಿದರೆ ಉತ್ತರ ಬರುತ್ತಾ ನೋಡಿ.”

ಮೇಲೆ ಕೂತು ಕೆಳಗಿನ ನಂಬರ್‌ಗೆ ಪಿಂಗ್ ಕೊಟ್ಟೆ. ನಾಲ್ಕೂ ಉತ್ತರ ಬಂದವು. ಖುಷಿಯಾಯಿತು. ಕೆಳಗಿಳಿದು ಮೇಲಿನ ನಂಬರ್‌ಗೆ ಕೊಟ್ಟೆ. ‘ರಿಕ್ವೆಸ್ಟ್ ಟೈಮ್ಡ್ ಔಟ್’, ನಾಲ್ಕು ಸಲ. ಮೇಲಿಂದ ಕೂಗಿದರೆ ಕೆಳಗೆ ಕೇಳುತ್ತೆ, ಕೆಳಗಿಂದ ಕೂಗಿದರೆ ಮೇಲೆ ಕೇಳಲ್ಲ! ಇದನ್ನು ಹೇಳಿದ ಕೂಡಲೇ ಅವನು ನಕ್ಕ. “ಎರಡೂ ನಂಬರ್ ಓದಿ” ಅಂದ.

ಕೆಳಗಿನದು 192.168.1.34. ಮೇಲಿನದು 192.168.0.102.

“ಎರಡನೇ ಚುಕ್ಕೆ ಆದ್ಮೇಲಿನ ಅಂಕಿ ನೋಡಿ ಚಿಕ್ಕಮ್ಮ. ಒಂದು 1, ಇನ್ನೊಂದು 0. ನಿಮ್ಮನೇಲಿ ಒಂದು ನೆಟ್‌ವರ್ಕ್ ಅಲ್ಲ, ಎರಡಿದೆ. ಮೇಲೆ ಇನ್ನೊಂದು ರೂಟರ್ ಇಟ್ಟಿದ್ದೀರಾ?”

ಇಟ್ಟಿದ್ದೆ. ಫೈಬರ್ ಇಂಟರ್ನೆಟ್ ಹಾಕಿಸಿದಾಗ ಅವರು ಕೊಟ್ಟ ಬಿಳಿ ಡಬ್ಬಿ ಹಾಲ್‌ನ ಟಿವಿ ಹಿಂದೆ ಕೂತಿತು. ಮಹಡಿಗೆ ವೈಫೈ ಸಿಗುತ್ತಿರಲಿಲ್ಲ. ಹಳೆ ರೂಟರ್ ಸುಮ್ನೆ ಬಿದ್ದಿತ್ತು. ಕಿಟಕಿ ಸಂದಿಯಿಂದ ಒಂದು ಕೇಬಲ್ ಎಳೆದು ಆ ರೂಟರ್‌ಗೆ ಚುಚ್ಚಿದ್ದೆ. ಬೇರೆ ಬಣ್ಣದ ‘ವ್ಯಾನ್’ ಪೋರ್ಟ್ ಇರುತ್ತಲ್ಲ, ಅದಕ್ಕೇ. ಇಂಟರ್ನೆಟ್ ಬಂತು, ಮರೆತೆ.

ಆದದ್ದು ಇಷ್ಟು. ವ್ಯಾನ್ ಪೋರ್ಟ್‌ಗೆ ಏನು ಚುಚ್ಚಿದರೂ ರೂಟರ್ ಅದನ್ನು ಹೊರಗಿನ ಪ್ರಪಂಚ ಅಂತಲೇ ತಿಳಿಯುತ್ತದೆ. ಹಾಗಾಗಿ ಮೇಲಿನ ರೂಟರ್ ಪಾಲಿಗೆ ನಮ್ಮ ಹಾಲ್ ಕೂಡ ಹೊರಗಿನದೇ. ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರು ಒಳಗೆ ಬರುವಂತಿಲ್ಲ. ಅದಕ್ಕೇ ಪಿಂಗ್ ಒಂದೇ ದಿಕ್ಕಿನಲ್ಲಿ ಹೋಗುತ್ತಿತ್ತು. ಇನ್ನು ಕಂಪ್ಯೂಟರ್‌ಗಳು ಹೆಸರು ಹಿಡಿದು ಒಂದನ್ನೊಂದು ಹುಡುಕುವುದು ಅಂದರೆ ಓಣಿಯಲ್ಲಿ ನಿಂತು ಕೂಗಿದ ಹಾಗೆ, ಆ ಕೂಗು ರೂಟರ್ ದಾಟಿ ಆಚೆ ಹೋಗುವುದಿಲ್ಲ. ಫೈರ್‌ವಾಲ್ ಆಫ್ ಇದ್ದ ಆ ರಾತ್ರಿ ಹೆಸರಿನ ಬದಲು ನಂಬರ್ ಟೈಪ್ ಮಾಡಿದ್ದರೆ ಕೆಳಗಿನ ಕಂಪ್ಯೂಟರ್ ಕನಿಷ್ಠ ಪಾಸ್‌ವರ್ಡ್ ಕೇಳುವವರೆಗಾದರೂ ಬರುತ್ತಿತ್ತು. ನನಗೆ ಹೊಳೆಯಲಿಲ್ಲ.

ಪರಿಹಾರ ಸರಳ. ಮೇಲಿನ ರೂಟರ್ ರೂಟರ್ ಆಗಿರಬಾರದು, ಬರೀ ವೈಫೈ ಹಂಚುವ ಡಬ್ಬಿ ಆಗಬೇಕು. ಬಹಳಷ್ಟು ಹೊಸ ರೂಟರ್‌ಗಳ ಸೆಟ್ಟಿಂಗ್‌ನಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ ಅಂತ ಒಂದು ಗುಂಡಿ ಇರುತ್ತದೆ, ಒತ್ತಿದರೆ ಮುಗಿಯಿತು. ನನ್ನದರಲ್ಲಿ ಅದಿರಲಿಲ್ಲ, ಕೈಯಿಂದಲೇ ಮಾಡಬೇಕಾಯಿತು. ರೂಟರ್‌ನ ಸ್ವಂತ ವಿಳಾಸವನ್ನು ಕೆಳಗಿನ ಸಾಲಿಗೆ ಹೊಂದುವ ಹಾಗೆ 192.168.1.2 ಮಾಡಬೇಕು. ಆಮೇಲೆ ‘ಡಿಎಚ್‌ಸಿಪಿ’ ಆಫ್ ಮಾಡಬೇಕು, ಅಂದರೆ ಅದು ಇನ್ನು ಯಾರಿಗೂ ನಂಬರ್ ಹಂಚಬಾರದು, ಆ ಕೆಲಸ ಕೆಳಗಿನ ಬಿಳಿ ಡಬ್ಬಿಯದು. ಕೊನೆಗೆ ಕೇಬಲ್ ಅನ್ನು ವ್ಯಾನ್ ಪೋರ್ಟ್‌ನಿಂದ ಕಿತ್ತು ಪಕ್ಕದ ಮಾಮೂಲಿ ಪೋರ್ಟ್‌ಗೆ ಚುಚ್ಚಬೇಕು.

ಈ ಕ್ರಮ ತಪ್ಪಬಾರದು. ನಾನು ತಪ್ಪಿಸಿದೆ. ಡಿಎಚ್‌ಸಿಪಿ ಮೊದಲು ಆಫ್ ಮಾಡಿ ರೂಟರ್ ರೀಸ್ಟಾರ್ಟ್ ಮಾಡಿಬಿಟ್ಟೆ. ಲ್ಯಾಪ್‌ಟಾಪ್‌ಗೆ ನಂಬರ್ ಕೊಡುವವರೇ ಇಲ್ಲ. ಐಪಿಕಾನ್ಫಿಗ್‌ನಲ್ಲಿ 169.254 ಅಂತ ಶುರುವಾಗುವ ಒಂದು ವಿಚಿತ್ರ ನಂಬರ್ ಕಂಡಿತು. ಆ ನಂಬರ್ ಕಂಡರೆ ಅರ್ಥ ಇಷ್ಟೇ: ಯಾರೂ ವಿಳಾಸ ಕೊಡಲಿಲ್ಲ, ಕಂಪ್ಯೂಟರ್ ತಾನೇ ಒಂದನ್ನು ಇಟ್ಟುಕೊಂಡಿದೆ. ರೂಟರ್ ಒಳಗೆ ಹೋಗಲು ನನಗೆ ದಾರಿ ಗೊತ್ತಾಗಲಿಲ್ಲ. ತಲೆಯಿಂದ ಹೇರ್‌ಪಿನ್ ತೆಗೆದು ಹಿಂದಿನ ರೀಸೆಟ್ ತೂತಿಗೆ ಚುಚ್ಚಿ ಹತ್ತು ಎಣಿಸಿದೆ. ಮೊದಲಿಂದ ಶುರು.

ಎರಡನೇ ಸಲ ಸರಿಹೋಯಿತು. ಲ್ಯಾಪ್‌ಟಾಪ್‌ಗೂ ಈಗ 192.168.1 ಸಾಲಿನ ನಂಬರ್.

ಇಷ್ಟಾದ ಮೇಲೆ ಮೊದಲು ಮಾಡಿದ ಕೆಲಸ ಫೈರ್‌ವಾಲ್ ಮತ್ತೆ ಆನ್. ಆನ್ ಮಾಡಿದ ಕೂಡಲೇ ಪಿಂಗ್ ಮತ್ತೆ ನಿಂತಿತು. ಈ ಸಲ ಗಾಬರಿಯಾಗಲಿಲ್ಲ. ಎರಡೂ ಕಂಪ್ಯೂಟರ್ ನಮ್ಮ ಮನೆ ನೆಟ್‌ವರ್ಕನ್ನು ‘ಪಬ್ಲಿಕ್’ ಅಂತ ಹಿಡಿದಿದ್ದವು. ಪಬ್ಲಿಕ್ ಅಂದರೆ ಬಸ್ ಸ್ಟ್ಯಾಂಡ್ ವೈಫೈ ಇದ್ದ ಹಾಗೆ, ಯಾರನ್ನೂ ನಂಬಬೇಡ ಅಂತ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಭಾಗಕ್ಕೆ ಹೋಗಿ ಎರಡರಲ್ಲೂ ‘ಪ್ರೈವೇಟ್’ ಮಾಡಿದೆ. ಅದರ ಜೊತೆ ‘ನೆಟ್‌ವರ್ಕ್ ಡಿಸ್ಕವರಿ’ ಮತ್ತು ‘ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್’ ಪ್ರೈವೇಟ್‌ಗೆ ಮಾತ್ರ ಆನ್. ಪಿಂಗ್ ಎರಡೂ ಕಡೆ ಓಡಿತು. ಫೈರ್‌ವಾಲ್ ಆಫ್ ಮಾಡುವ ಅಗತ್ಯವೇ ಇರಲಿಲ್ಲ.

‘ನೆಟ್‌ವರ್ಕ್’ ಕಿಟಕಿಯಲ್ಲಿ ಡೆಸ್ಕ್‌ಟಾಪ್‌ನ ಚಿತ್ರ ಆಗಲೂ ಕಾಣಲಿಲ್ಲ. ಬಹಳ ಜನ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಆ ಚಿತ್ರ ಕಾಣುವುದೇ ಬೇರೆ ಕೆಲಸ, ಫೋಲ್ಡರ್ ತೆರೆಯುವುದೇ ಬೇರೆ ಕೆಲಸ. ಚಿತ್ರ ಕಾಣಬೇಕಾದರೆ ಫಂಕ್ಷನ್ ಡಿಸ್ಕವರಿ ಅನ್ನುವ ಸರ್ವಿಸ್ ಓಡುತ್ತಿರಬೇಕು. ನಾನು ಅದರ ಬೆನ್ನು ಹತ್ತಲಿಲ್ಲ. ವಿಳಾಸದ ಪಟ್ಟಿಯಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ನಂಬರ್ ಕೊಟ್ಟೆ, \\192.168.1.34 ಅಂತ. ಕೂಡಲೇ ಪಾಸ್‌ವರ್ಡ್ ಕೇಳುವ ಕಿಟಕಿ ಬಂತು. ಬಾಗಿಲು ಸಿಕ್ಕಿತು, ಇನ್ನು ಕೀಲಿ.

ಕೀಲಿಯದ್ದು ಬೇರೆ ಕಥೆ. ಕೆಳಗಿನ ಡೆಸ್ಕ್‌ಟಾಪ್‌ಗೆ ಪಾಸ್‌ವರ್ಡೇ ಇಲ್ಲ. ಬೆಳಿಗ್ಗೆ ನಮ್ಮ ಅತ್ತೆ ಅದರಲ್ಲಿ ವಚನ ಕೇಳುತ್ತಾರೆ. ಗುಂಡಿ ಒತ್ತಿದರೆ ಸೀದಾ ತೆರೆಯಬೇಕು, ಇಲ್ಲದಿದ್ದರೆ ಮನೆಯಲ್ಲಿ ಶಾಂತಿ ಇರಲ್ಲ. ಆದರೆ ಪಾಸ್‌ವರ್ಡ್ ಖಾಲಿ ಇರುವ ಖಾತೆಗೆ ನೆಟ್‌ವರ್ಕ್ ಮೂಲಕ ಒಳಗೆ ಬರಲು ವಿಂಡೋಸ್ ಬಿಡುವುದಿಲ್ಲ. ಎದುರು ಕೂತವರಿಗೆ ಮಾತ್ರ ಆ ಸಲಿಗೆ. ಅತ್ತೆಯ ಖಾತೆ ಮುಟ್ಟದೆ, ಡೆಸ್ಕ್‌ಟಾಪ್‌ನಲ್ಲಿ ‘ಡಿಟಿಪಿ’ ಅಂತ ಇನ್ನೊಂದು ಲೋಕಲ್ ಖಾತೆ ಮಾಡಿ ಅದಕ್ಕೆ ಗಟ್ಟಿ ಪಾಸ್‌ವರ್ಡ್ ಇಟ್ಟೆ. ಅದು ಶೇರಿಂಗ್‌ಗೆ ಮಾತ್ರ.

ಒಳಗೆ ಹೋಗಲು ಆಗಲೂ ಬಿಡಲಿಲ್ಲ. ‘ಡಿಟಿಪಿ’ ಖಾತೆ ಮಾಡುವ ಮೊದಲು ಆ ಪಾಸ್‌ವರ್ಡ್ ಕಿಟಕಿಯಲ್ಲಿ ನಾನು ಏನೇನೋ ಹೆಸರು ಕೊಟ್ಟು ‘ನೆನಪಿಟ್ಟುಕೋ’ ಅಂತ ಟಿಕ್ ಹಾಕಿದ್ದೆ. ಲ್ಯಾಪ್‌ಟಾಪ್ ಪ್ರತಿ ಸಲ ಅದನ್ನೇ ಮುಂದೆ ಮಾಡುತ್ತಿತ್ತು. ಕಂಟ್ರೋಲ್ ಪ್ಯಾನಲ್‌ನ ‘ಕ್ರೆಡೆನ್ಶಿಯಲ್ ಮ್ಯಾನೇಜರ್’ಗೆ ಹೋಗಿ ಆ ಹಳೆ ಸಾಲುಗಳನ್ನು ಅಳಿಸಿ, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿದ ಮೇಲೆ ‘ಡಿಟಿಪಿ’ ಹೆಸರಿನಲ್ಲಿ ಒಳಗೆ ಹೋದೆ.

ಎದುರು ದಿಕ್ಕಿನಲ್ಲಿ ಇನ್ನೊಂದು ತಮಾಷೆ. ಕೆಳಗಿನಿಂದ ಲ್ಯಾಪ್‌ಟಾಪ್ ತೆರೆಯಲು ಹೋದಾಗ ನಾನು ದಿನಾ ಒತ್ತುವ ನಾಲ್ಕಂಕಿ ಪಿನ್ ಕೊಟ್ಟೆ. ತಪ್ಪು ಅಂತು. ಮತ್ತೆ ಕೊಟ್ಟೆ. ಮತ್ತೆ ತಪ್ಪು. ಪಿನ್ ಆ ಒಂದು ಯಂತ್ರದ ಮುಂದೆ ಕೂತಾಗ ಮಾತ್ರ ನಡೆಯುತ್ತದೆ, ನೆಟ್‌ವರ್ಕ್‌ಗೆ ಬೇಕಾದದ್ದು ಮೈಕ್ರೋಸಾಫ್ಟ್ ಖಾತೆಯ ನಿಜವಾದ ಪಾಸ್‌ವರ್ಡ್. ಲ್ಯಾಪ್‌ಟಾಪ್ ತಂದ ದಿನ ಒಮ್ಮೆ ಹಾಕಿದ್ದು, ಆಮೇಲೆ ಯಾರಿಗೆ ನೆನಪಿರುತ್ತೆ?

ಫೋಲ್ಡರ್ ತೆರೆಯಿತು. ಕೋರೆಲ್‌ಡ್ರಾದಲ್ಲಿ ಒಂದು ಕಾರ್ಡ್ ತೆರೆದು ಅಕ್ಷರ ತಿದ್ದಿ ಸೇವ್ ಕೊಟ್ಟೆ. ಅನುಮತಿ ಇಲ್ಲ! ಇದಕ್ಕೆ ಕಾರಣ ಬೇಗ ಸಿಕ್ಕಿತು. ಶೇರ್ ಮಾಡಿದ ಫೋಲ್ಡರ್‌ಗೆ ಎರಡು ಬೀಗ. ‘ಶೇರಿಂಗ್’ ಟ್ಯಾಬ್‌ನಲ್ಲಿ ಒಂದು, ‘ಸೆಕ್ಯೂರಿಟಿ’ ಟ್ಯಾಬ್‌ನಲ್ಲಿ ಇನ್ನೊಂದು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ‘ಅಡ್ವಾನ್ಸ್ಡ್ ಶೇರಿಂಗ್’ ಮೂಲಕ ಹೋದರೆ ಮೊದಲಿಗೆ ಎಲ್ಲರಿಗೂ ಓದುವ ಹಕ್ಕು ಮಾತ್ರ ಇರುತ್ತದೆ. ಅಲ್ಲಿ ‘ಎವರಿವನ್’ ತೆಗೆದು, ‘ಡಿಟಿಪಿ’ ಖಾತೆ ಸೇರಿಸಿ, ಬದಲಾಯಿಸುವ ಹಕ್ಕು ಕೊಟ್ಟೆ. ಸೇವ್ ಆಯಿತು.

ಇನ್ನು ಹುಚ್ಚಾಟದ ರಾತ್ರಿಗಳಲ್ಲಿ ಬಿಚ್ಚಿಟ್ಟದ್ದನ್ನೆಲ್ಲ ಮುಚ್ಚಬೇಕಿತ್ತು. ನಿಜ ಹೇಳಬೇಕೆಂದರೆ ಜಾಸ್ತಿ ಸಮಯ ಹಿಡಿದದ್ದು ಇದಕ್ಕೇ, ಏನೇನು ಬದಲಾಯಿಸಿದ್ದೆ ಅಂತಲೇ ನೆನಪಿರಲಿಲ್ಲ. ಎಸ್‌ಎಂಬಿ 1.0 ಟಿಕ್ ತೆಗೆದೆ. ಇದನ್ನು ಮಾತ್ರ ಯಾರೂ ಸುಮ್ನೆ ಆನ್ ಮಾಡಬೇಡಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ವೈರಸ್ ಪ್ರಪಂಚದ ತುಂಬ ಕಂಪ್ಯೂಟರ್‌ಗಳ ಫೈಲಿಗೆ ಬೀಗ ಹಾಕಿ ದುಡ್ಡು ಕೇಳಿತ್ತಲ್ಲ, ಅದು ಹರಡಿದ್ದು ಈ ಹಳೆ ಎಸ್‌ಎಂಬಿಯ ತೂತಿನಿಂದ. ಅದೇ ವರ್ಷದ ಕೊನೆಯಿಂದ ಬಂದ ವಿಂಡೋಸ್ 10ರ ಆವೃತ್ತಿಗಳಲ್ಲಿ ಅದನ್ನು ಹಂತಹಂತವಾಗಿ ತೆಗೆಯುತ್ತಾ ಬಂದರು. ವಿಂಡೋಸ್ 10, 11 ತಮ್ಮ ತಮ್ಮಲ್ಲಿ ಮಾತಾಡಲು ಅದು ಬೇಕೇ ಇಲ್ಲ. ತೀರಾ ಹಳೆ ಝೆರಾಕ್ಸ್ ಮಶೀನು ಸ್ಕ್ಯಾನ್ ಕಳಿಸಬೇಕಾದರೆ ಕೆಲವರಿಗೆ ಬೇಕಾಗಬಹುದು, ಆಗಲೂ ನಾನಾದರೆ ಪೆನ್‌ಡ್ರೈವ್‌ಗೇ ಮರಳುತ್ತೇನೆ. ಪಾಸ್‌ವರ್ಡ್ ರಕ್ಷಣೆಯನ್ನೂ ವಾಪಸ್ ಆನ್ ಮಾಡಿದೆ. ಪಾಸ್‌ವರ್ಡ್ ಇಲ್ಲದೆ ಅತಿಥಿಯಾಗಿ ಒಳಬರುವ ದಾರಿಯನ್ನು ಹೊಸ ವಿಂಡೋಸ್‌ಗಳು ಹೇಗೂ ಮುಚ್ಚುತ್ತಾ ಬಂದಿವೆ.

ವೇಗದ ಬಗ್ಗೆ ಒಂದು ಮಾತು. ಲ್ಯಾಪ್‌ಟಾಪನ್ನು ಮೇಲಿನ ರೂಟರ್‌ಗೆ ಕೇಬಲ್‌ನಲ್ಲೇ ಜೋಡಿಸಿದ್ದೇನೆ, ವೈಫೈ ಮೇಲೆ ದೊಡ್ಡ ಫೈಲ್ ಸೇವ್ ಮಾಡಲು ನನಗೆ ಧೈರ್ಯವಿಲ್ಲ. ಸೆಕೆಂಡಿಗೆ ಸುಮಾರು 11 ಎಂಬಿ ಬರುತ್ತದೆ. 4 ಜಿಬಿಯ ಒಂದು ಆಲ್ಬಮ್ ಫೋಲ್ಡರ್‌ಗೆ ಆರು ನಿಮಿಷ. ಹಳೆ ರೂಟರ್‌ನ ಪೋರ್ಟೇ 100 ಎಂಬಿಪಿಎಸ್ (ಇದು ಮೆಗಾಬಿಟ್ ಲೆಕ್ಕ, ಎಂಟು ಬಿಟ್ ಸೇರಿದರೆ ಒಂದು ಬೈಟ್), ಅದಕ್ಕಿಂತ ಜಾಸ್ತಿ ಬರಲ್ಲ. ನಿಮ್ಮ ರೂಟರ್ ಗಿಗಾಬಿಟ್ (1000 ಎಂಬಿಪಿಎಸ್) ಆಗಿದ್ದೂ ಇಷ್ಟೇ ಬರುತ್ತಿದ್ದರೆ ಕೇಬಲ್ ತುದಿ ನೋಡಿ. ಗಿಗಾಬಿಟ್‌ಗೆ ನಾಲ್ಕು ಜೊತೆ ತಂತಿಯೂ ಬೇಕು, ಒಂದು ಎಳೆ ಕಡಿದರೂ ವೇಗ 100ಕ್ಕೆ ಇಳಿಯುತ್ತದೆ.

ಮೂರು ವಾರ ಚೆನ್ನಾಗಿ ನಡೆಯಿತು. ಒಂದು ಮಧ್ಯಾಹ್ನ ಕರೆಂಟ್ ಹೋಗಿ ಬಂತು. ಮೇಲೆ ಕೂತು ಫೋಲ್ಡರ್ ತೆರೆದರೆ ಮತ್ತೆ ಅದೇ 80070035. ಎದೆ ಧಸಕ್ ಅಂತು. ಈ ಸಲ ಸೆಟ್ಟಿಂಗ್ ಮುಟ್ಟಲಿಲ್ಲ. ಕೆಳಗೆ ಹೋಗಿ ಐಪಿಕಾನ್ಫಿಗ್ ಹೊಡೆದೆ. 192.168.1.37. ಬಿಳಿ ಡಬ್ಬಿ ರೀಸ್ಟಾರ್ಟ್ ಆಗಿ ಡೆಸ್ಕ್‌ಟಾಪ್‌ಗೆ ಬೇರೆ ನಂಬರ್ ಕೊಟ್ಟುಬಿಟ್ಟಿತ್ತು. ನಾನು ಶಾರ್ಟ್‌ಕಟ್ ಮಾಡಿಟ್ಟಿದ್ದು ಹಳೆ ನಂಬರ್‌ಗೆ. ಬಿಳಿ ಡಬ್ಬಿಯ ಸೆಟ್ಟಿಂಗ್‌ನಲ್ಲಿ ‘ಅಡ್ರೆಸ್ ರಿಸರ್ವೇಶನ್’ ಇತ್ತು. ಡೆಸ್ಕ್‌ಟಾಪ್‌ನ ಮ್ಯಾಕ್ ವಿಳಾಸ (ಅದರ ನೆಟ್‌ವರ್ಕ್ ಕಾರ್ಡಿನ ಗುರುತಿನ ನಂಬರ್) ಕೊಟ್ಟು 192.168.1.50 ಅದಕ್ಕೇ ಮೀಸಲಿಟ್ಟೆ. ಬಳಪದಿಂದ ಆ ನಂಬರನ್ನು ಡೆಸ್ಕ್‌ಟಾಪ್‌ನ ಕಪ್ಪು ಡಬ್ಬಿಯ ಮೇಲೆ ಬರೆದೆ. ಮರುದಿನ ಅತ್ತೆ ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟರು. ಈಗ ಸ್ಟಿಕ್ಕರ್ ಪ್ರಿಂಟ್ ಮಾಡಿ ಅಂಟಿಸಿದ್ದೇನೆ.