ರಾತ್ರಿ ಫೋನ್ ನಿಲ್ಲಿಸಿದ ಸ್ಟೀಲ್ ಡಬ್ಬಿ

ತಿಪಟೂರಿನ ಸುತ್ತಮುತ್ತ ಸ್ಕೂಟರಿನಲ್ಲಿ ಮನೆಮನೆಗೆ ಹೋಗಿ, ವಾಸಿಯಾಗದ ಕಾಯಿಲೆಯ ರೋಗಿಗಳನ್ನು ನರ್ಸ್ ಆಗಿ ನೋಡಿಕೊಳ್ಳಲು ಶುರುಮಾಡಿ ಏಳು ವರ್ಷ ಆಯಿತು. ಮೊದಲ ವರ್ಷ ಇಪ್ಪತ್ತಾರೋ ಇಪ್ಪತ್ತೇಳೋ ಜನ ಇದ್ದರು. ಹೆಚ್ಚಿನವರು ಬಾಯಿ ಕ್ಯಾನ್ಸರಿನವರು, ಎಲೆಅಡಿಕೆ ಹೊಗೆಸೊಪ್ಪಿನ ಕೊಡುಗೆ. ಎಲ್ಲರೂ 'ಇನ್ನು ಆಸ್ಪತ್ರೆ ಬೇಡ, ಮನೆಯಲ್ಲೇ ಇರ್ತೀವಿ' ಅಂದವರೇ. ಆದರೆ ಕೊನೆಗೆ ಮನೆಯಲ್ಲೇ ಕಣ್ಣು ಮುಚ್ಚಿದವರು ಆರು ಜನ ಮಾತ್ರ.

ಹಗಲು ತೊಂದರೆ ಇರಲಿಲ್ಲ. ರಾತ್ರಿ ಒಂದೂವರೆ, ಎರಡು ಗಂಟೆಗೆ ನೋವು ಕೆರಳುತ್ತಿತ್ತು, ಇಲ್ಲ ಉಸಿರು ಸಿಗುತ್ತಿರಲಿಲ್ಲ. ಮನೆಯವರು ಹೆದರಿ ಆಂಬುಲೆನ್ಸ್ ಕರೆಸುತ್ತಿದ್ದರು. ಒಬ್ಬ ಅಜ್ಜಿ ಗುಬ್ಬಿ ದಾಟುವ ಮೊದಲೇ ಗಾಡಿಯಲ್ಲೇ ಹೋದರು. ಇನ್ನೊಂದು ಮನೆಯವರಿಗೆ ಒಂದೂವರೆ ದಿನದ ಐಸಿಯುಗೆ ಹತ್ತಿರಹತ್ತಿರ 48 ಸಾವಿರ ಬಿಲ್ ಬಂತು. ಕರು ಹಾಕಿ ತಿಂಗಳಾಗದ ಹಸು ಮಾರಿದರು. ಆ ಮನೆಗೆ ಮತ್ತೆ ಹೋದಾಗ ಖಾಲಿ ಕೊಟ್ಟಿಗೆ ನೋಡಿ ನನಗೆ ಕೂರಲು ಆಗಲಿಲ್ಲ.

ಮೊದಲು ಮಾಡಿದ ಪೆದ್ದುತನ ಅಂದರೆ, ಎಲ್ಲರಿಗೂ ನನ್ನ ನಂಬರ್ ಕೊಟ್ಟು 'ಯಾವಾಗ ಬೇಕಾದರೂ ಮಾಡಿ' ಅಂದಿದ್ದು. ತಿಂಗಳಿಗೆ ಹದಿನೈದು ಇಪ್ಪತ್ತು ಸಲ ರಾತ್ರಿ ಫೋನ್. ನಮ್ಮ ಯಜಮಾನರು ಹಿಂದೆ ಕೂತು ಬರುತ್ತಿದ್ದರು. ಮೂರು ತಿಂಗಳಾದಮೇಲೆ ಒಂದು ರಾತ್ರಿ ನಾಯಿ ಅಡ್ಡ ಬಂದು ಇಬ್ಬರೂ ಬಿದ್ದೆವು. ಅಲ್ಲಿಗೆ ಅದು ಮುಗಿಯಿತು.

ಆಮೇಲೆ ಯಾವ ಮಾತ್ರೆ ಯಾವಾಗ ಅಂತ ಚಾರ್ಟ್ ಬರೆದು ಗೋಡೆಗೆ ಅಂಟಿಸಿದೆ. ಓದುವ ಸೊಸೆ ಗಾರ್ಮೆಂಟ್ಸಿಗೆ ಹೋಗಿರುತ್ತಾಳೆ, ಮನೆಯಲ್ಲಿ ಇರುವ ಅಜ್ಜಿಗೆ ಓದು ಬಾರದು. ಮೊಬೈಲಿನಲ್ಲಿ ಅಲಾರಂ ಇಟ್ಟೆ. ಅದು ಹೊಡೆಯುತ್ತಿತ್ತು, ಅಜ್ಜಿ ಯಾರದೋ ಫೋನ್ ಅಂತ ಕಟ್ ಮಾಡುತ್ತಿದ್ದರು.

ಕೊನೆಗೆ ಗಡಿಯಾರವನ್ನೇ ಬಿಟ್ಟೆ. ನೋವಿನ ಮಾತ್ರೆ ಮಾರ್ಫಿನ್ ನಾಲ್ಕು ಗಂಟೆಗೊಮ್ಮೆ ತಾನೇ? ಬೆಳಿಗ್ಗೆ ಡೈರಿಗೆ ಹಾಲು ಹಾಕುವ ಹೊತ್ತಿಗೆ ಒಂದು. ಹತ್ತರ ಬಸ್ಸು ಬಂದಾಗ ಒಂದು. ಊಟ ಆಗಿ ಎರಡು ಗಂಟೆಗೆ ಒಂದು. ಸಂಜೆ ಡೈರಿಗೆ ಒಂದು. ರಾತ್ರಿ ಸೀರಿಯಲ್ ಮುಗಿದಮೇಲೆ ಡಬಲ್. ಎರಡನೇ ದಿನದಿಂದಲೇ ತಪ್ಪುವುದು ನಿಂತಿತು. ಹಾಲು ಹಾಕುವ ಹೊತ್ತು ಯಾವ ಮನೆಯವರೂ ಮರೆಯುವುದಿಲ್ಲ, ಅಲ್ವಾ?

ರಾತ್ರಿಗೆ ಅಂತ ಮಾಡಿದ್ದು ಡಬ್ಬಿ. ಸಂತೆಯಲ್ಲಿ 60 ರೂಪಾಯಿಗೆ ಸಿಗುವ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ. ಪ್ಲಾಸ್ಟಿಕ್ ಬೇಡ, ಇಲಿ ಕಡಿಯುತ್ತದೆ. ಒಳಗೆ ಮೂರು ಕಾಗದದ ಕವರ್: ನೋವು ಜಾಸ್ತಿಯಾದರೆ ಒಂದು, ಉಸಿರು ಕಟ್ಟಿದರೆ ಒಂದು, ರಾತ್ರಿ ಎದ್ದು ಕೂತು ಗಾಬರಿಯಾಗಿ ಬಡಬಡಿಸಿದರೆ ಒಂದು. ಯಾವ ಮಾತ್ರೆ, ಎಷ್ಟು ಅಂತ ನಮ್ಮ ಡಾಕ್ಟರ್ ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುತ್ತಾರೆ, ಅದನ್ನು ಇಲ್ಲಿ ಹಾಕುವುದಿಲ್ಲ. ಕವರಿನ ಮೇಲೆ ಅಕ್ಷರ ಇಲ್ಲ, ಚಿತ್ರ. ಆ ಮನೆಯ ಮಕ್ಕಳ ಕೈಯಲ್ಲೇ ಬರೆಸುತ್ತೇನೆ. ನೋವಿಗೆ ಕೆಂಪು ಮೆಣಸಿನಕಾಯಿ, ಉಸಿರಿಗೆ ಬೀಸಣಿಗೆ. ಮೂರನೆಯದಕ್ಕೆ ರಾತ್ರಿಯ ಗುರುತು ಬೇಕು ಅಂದಾಗ ಒಂದು ಮನೆಯ ಮೊಮ್ಮಗ ಗೂಬೆ ಬರೆದ. ತುಂಬಾ ಚೆನ್ನಾಗಿ ಬರೆದಿದ್ದ. ಅಜ್ಜಿ ಕವರನ್ನು ನೋಡಿದವರೇ ಡಬ್ಬಿ ಸಮೇತ ತಿಪ್ಪೆಗೆ ಎಸೆದು ಬಂದರು. ಸಾಯುವವರ ಮನೆಗೆ ಗೂಬೆ ತಂದಿಟ್ಟೆನಲ್ಲ! ಅರ್ಧ ಗಂಟೆ ತಿಪ್ಪೆ ಕೆದಕಿ ಮಾತ್ರೆ ಹುಡುಕಿದ್ದು ನಾನೇ. ಅವತ್ತಿನಿಂದ ಚಂದ್ರ.

ಬೀಸಣಿಗೆ ಬರೀ ಚಿತ್ರವಲ್ಲ. ಮೊದಲು ಮುಖಕ್ಕೆ ಗಾಳಿ ಬೀಸಬೇಕು, ದಿಂಬು ಎತ್ತರಿಸಬೇಕು, ಆಮೇಲೆ ಮಾತ್ರೆ. ಅರ್ಧದಷ್ಟು ಸಲ ಮಾತ್ರೆಯೇ ಬೇಕಾಗಲಿಲ್ಲ.

ಇನ್ನು ಅಭ್ಯಾಸ. ಕವರಿನಲ್ಲಿ ಪೆಪ್ಪರ್‌ಮಿಂಟ್ ಹಾಕಿ, ಲೈಟ್ ಆರಿಸಿ, ಟಾರ್ಚ್ ಹಿಡಿದು ಸರಿಯಾದ ಕವರ್ ತೆಗೆಯಬೇಕು. ಮೂರು ಸಲ ತಪ್ಪದೆ ತೆಗೆದರೆ ನಿಜವಾದ ಮಾತ್ರೆ ಒಳಗೆ ಹೋಗುತ್ತದೆ. ಈ ಕೆಲಸಕ್ಕೆ ಮನೆಯಲ್ಲಿ ಯಾರನ್ನು ಆರಿಸಬೇಕು ಅನ್ನುವುದೇ ಮುಖ್ಯ. ಓದಿದವರನ್ನಲ್ಲ. ಮೊದಲ ದಿನ ಕಾಫಿ ಕುಡಿಯುವಾಗಲೇ ನನಗೆ ಗೊತ್ತಾಗಿಬಿಡುತ್ತದೆ. ಹೇಗೆ ಅಂತ ಹೇಳುವುದಿಲ್ಲ, ಕೇಳಬೇಡಿ.

ನಾನು ಡಬ್ಬಿಯ ಮಾತು ಎತ್ತಿದಾಗ ಪರಿಚಯದ ಡಾಕ್ಟರೊಬ್ಬರು ನಕ್ಕರು. 'ಸಿಸ್ಟರ್, ಮಾರ್ಫಿನ್ ಹಳ್ಳಿ ಮನೆಯಲ್ಲಿ ಇಟ್ಟು ಬರ್ತೀರಾ? ಕುಡುಕ ಮಗನ ಕೈಗೆ ಸಿಕ್ಕರೆ?' ಅಂದರು. 2014ರಲ್ಲಿ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿ ಬಂದು ಮಾರ್ಫಿನ್ ಕೊಡುವುದು ಸುಲಭವಾಗಿದೆ, ಆದರೂ ಭಯ ಹೋಗಿಲ್ಲ. ನಾನು ಕೇರಳದ ಕಲ್ಲಿಕೋಟೆಯಲ್ಲಿ ಆರು ವಾರ ತರಬೇತಿ ಮಾಡಿ ಬಂದವಳು. ಅಲ್ಲಿ 1993ರಿಂದ ಇಂಥ ರೋಗಿಗಳ ನೋವು ಕಡಿಮೆ ಮಾಡುವ ಕೆಲಸ ನಡೆದಿದೆ. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗಬಾರದು ಅನ್ನುವ ಹಟ ನನ್ನದು. ಪ್ರತಿ ಭೇಟಿಯಲ್ಲೂ ಮಾತ್ರೆ ಎಣಿಸಿ ಪುಸ್ತಕದಲ್ಲಿ ಬರೆಯುತ್ತೇನೆ, ಉಳಿದಿದ್ದು ವಾಪಸ್ ಹೋಗುತ್ತದೆ. ಇಷ್ಟು ವರ್ಷದಲ್ಲಿ ಲೆಕ್ಕ ತಪ್ಪಿದ್ದು ಒಂದೇ ಸಲ, ಐದು ಮಾತ್ರೆ. ಮಗನ ಮೇಲೆ ನನಗೂ ಅನುಮಾನ ಬಂದಿತ್ತು, ಸುಳ್ಳು ಹೇಳಲ್ಲ. ನೋಡಿದರೆ ತಾತನೇ ಹಾಸಿಗೆ ಕೆಳಗೆ ಬಚ್ಚಿಟ್ಟುಕೊಂಡಿದ್ದರು. 'ಮುಂದೆ ಇದಕ್ಕಿಂತ ಜಾಸ್ತಿ ನೋವು ಬಂದರೆ ಇರಲಿ ಅಂತ ಕಣಮ್ಮಾ' ಅಂದರು. ಡೋಸ್ ಸಾಲುತ್ತಿರಲಿಲ್ಲ ಅಂತ ಅವತ್ತು ತಿಳಿಯಿತು.

ಮಾರ್ಫಿನ್ ತಗೊಂಡರೆ ಮಲ ಕಟ್ಟುತ್ತದೆ, ಅದಕ್ಕೆ ಜೊತೆಗೆ ಕೊಡುವ ಮಲಬದ್ಧತೆ ಮಾತ್ರೆಯ ವಿಷಯದಲ್ಲಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಶುರುವಿನಲ್ಲಿ ಒಬ್ಬರ ಮನೆಯವರು ಮಾರ್ಫಿನ್ ಮಾತ್ರ ಕೊಟ್ಟು ಅದನ್ನು ಬಿಟ್ಟಿದ್ದರು, ನಾನು ಕೇಳಲಿಲ್ಲ. ಎಂಟು ದಿನ ಮಲ ಹೋಗಲಿಲ್ಲ. ಕೊನೆಗೆ ಗ್ಲೌಸ್, ಜೆಲ್ಲಿ, ಎರಡು ಗಂಟೆ ಕೆಲಸ, ಅವರೂ ಅತ್ತರು, ನಾನೂ ಅತ್ತೆ. ಈಗ ಎರಡೂ ಸ್ಟ್ರಿಪ್ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿಯೇ ಕೊಡುತ್ತೇನೆ.

ಹುಣ್ಣಿನ ವಾಸನೆಗೆ ಮೆಟ್ರೊನಿಡಜೋಲ್ ಮಾತ್ರೆಯ ಪುಡಿ ಹಾಕುವುದು ನರ್ಸುಗಳಿಗೆಲ್ಲ ಗೊತ್ತು. ರೂಮಿನಲ್ಲಿ ಉಳಿಯುವ ವಾಸನೆಗೆ ಏನು ಮಾಡುವುದು? ಸಾಂಬ್ರಾಣಿ ಹಾಕಿಸಿದೆ, ರೋಗಿ ಕೆಮ್ಮಿ ಕೆಮ್ಮಿ ಸುಸ್ತಾದರು. ಕಾಫಿಪುಡಿ ಬಟ್ಟಲಲ್ಲಿ ಇಟ್ಟೆ, ಎರಡು ದಿನ ಪರವಾಗಿಲ್ಲ ಅನಿಸಿತು, ಆಮೇಲೆ ಕಾಫಿ ವಾಸನೆ ಬಂದರೆ ಸಾಕು ಆ ಮನೆಯವರಿಗೆ ಓಕರಿಕೆ. ನಮ್ಮ ಕಡೆ ಕರಟಕ್ಕೆ ಬರವೇ? ಕರಟದ ಇದ್ದಿಲು ಬುಟ್ಟಿಯಲ್ಲಿ ತುಂಬಿ ಮಂಚದ ಕೆಳಗೆ ಇಟ್ಟೆ. ಇದೇ ಚೆನ್ನಾಗಿ ಕೆಲಸ ಮಾಡಿತು. ವಾರಕ್ಕೊಮ್ಮೆ ಬದಲಾಯಿಸಬೇಕು.

ನುಂಗಲು ಆಗದವರಿಗೆ ಕೊಡುವ ರಾಗಿ ಅಂಬಲಿ ಮೂಗಿನ ಟ್ಯೂಬಿನಲ್ಲಿ ಕಟ್ಟಿಕೊಳ್ಳುವ ಗೋಳು ನಿಮಗೂ ಇರಬೇಕು. ಹಳೇ ಪಂಚೆಯಲ್ಲಿ ಎರಡು ಸಲ ಸೋಸಿ, ಕೊಟ್ಟಮೇಲೆ ನೀರು ಬಿಟ್ಟರೆ ಕಟ್ಟುವುದಿಲ್ಲ. ಜರಡಿ ಸಾಲದು.

ಬೆಂಗಳೂರಿನಿಂದ ಬರುವ ಮಗನಿಗೆ ಮಾತ್ರ ಡಬ್ಬಿಯಲ್ಲಿ ಮದ್ದಿರಲಿಲ್ಲ. ಆರು ತಿಂಗಳು ಬರದವನು ಕೊನೆಯ ಎರಡು ದಿನ ಇದ್ದಾಗ ಕಾರಿನಲ್ಲಿ ಇಳಿದು, 'ಡ್ರಿಪ್ ಯಾಕೆ ಹಾಕಿಲ್ಲ? ಅಪ್ಪನ್ನ ಹಿಂಗೆ ಬಿಟ್ಟುಬಿಟ್ರಾ?' ಅನ್ನುತ್ತಾನೆ. ಒಂದು ವರ್ಷ ಇವರಿಂದಲೇ ನಾಲ್ಕೈದು ಜನ ಮತ್ತೆ ಆಸ್ಪತ್ರೆಗೆ ಹೋದರು. ಈಗ ಡಬ್ಬಿಯಲ್ಲಿ ನಾಲ್ಕನೇ ಕವರ್ ಇದೆ. ಅದರಲ್ಲಿ ಡಾಕ್ಟರ್ ಸಹಿ, ಸೀಲು ಇರುವ ಪತ್ರ: ಕಾಯಿಲೆ ಏನು, ಏನೇನು ಚಿಕಿತ್ಸೆ ಆಗಿದೆ, ರೋಗಿ ಏನು ಕೇಳಿಕೊಂಡಿದ್ದಾರೆ. ಪತ್ರಕ್ಕಿಂತ ಮೊದಲು ಆ ಮಗನಿಗೆ ನಾನೇ ಫೋನ್ ಮಾಡುತ್ತೇನೆ, ಅವನು ಹೊರಡುವ ಮೊದಲೇ. ಆಗ ಹೇಳುವ ಒಂದು ಮಾತಿದೆ. ಅದು ನನ್ನ ಹತ್ತಿರವೇ ಇರಲಿ. 2025ರ ಜನವರಿಯಲ್ಲಿ ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ನಮ್ಮ ಸರ್ಕಾರದ ಸುತ್ತೋಲೆ ಬಂದಮೇಲೆ ಇನ್ನೊಂದು ತಲೆನೋವು ಶುರುವಾಯಿತು. 'ನೀವು ದಯಾಮರಣ ಕೊಡೋರಾ?' ಅಂತ ಕೇಳುತ್ತಾರೆ. ಅದು ಬೇರೆ, ಇದು ಬೇರೆ ಅಂತ ಕಟ್ಟೆ ಮೇಲೆ ಕೂತು ಹೇಳಿ ಸಾಕಾಗಿದೆ.

ಕೊನೆ ಗಳಿಗೆಯಲ್ಲಿ ಬಾಯಿಗೆ ನೀರು ಬಿಡುವುದನ್ನು ಮೊದಲು ಬೇಡ ಅನ್ನುತ್ತಿದ್ದೆ, ಚಮಚದಲ್ಲಿ ಬಿಟ್ಟರೆ ಉಸಿರಿಗೆ ಹೋಗುತ್ತದೆ. ಅವರು ನನ್ನನ್ನು ಹೊರಗೆ ಕಳಿಸಿ ಬಿಡುತ್ತಿದ್ದರು. ಈಗ ನಾನೇ ತುಳಸಿ ದಳ ಅದ್ದಿ ತುಟಿ ಒದ್ದೆ ಮಾಡಲು ಹೇಳುತ್ತೇನೆ. ಎಲ್ಲರೂ ಸರದಿಯಲ್ಲಿ ಮಾಡುತ್ತಾರೆ, ಯಾರಿಗೂ ಬೇಜಾರಿಲ್ಲ.

ದುಡ್ಡಿನ ವಿಷಯ. ಪಿಎಫ್ ದುಡ್ಡಿನಲ್ಲಿ 28 ಸಾವಿರಕ್ಕೆ ಹಳೇ ಸ್ಕೂಟರ್ ತಗೊಂಡೆ. ತಿಂಗಳಿಗೆ ಪೆಟ್ರೋಲ್ ಮೂರೂವರೆ ಸಾವಿರ, ಡ್ರೆಸ್ಸಿಂಗು, ಟ್ಯೂಬು, ಗ್ಲೌಸಿಗೆ ಆರೇಳು ಸಾವಿರ. ರೋಗಿಗಳಿಂದ ಒಂದು ರೂಪಾಯಿ ತಗೊಳ್ಳಲ್ಲ ಅಂದೆ. ಆದರೆ ತೆಂಗಿನಕಾಯಿ ಬೇಡ ಅನ್ನಲು ಈ ಸೀಮೆಯಲ್ಲಿ ಆಗುವುದಿಲ್ಲ, ಬೇಜಾರು ಮಾಡಿಕೊಳ್ಳುತ್ತಾರೆ. ಸ್ಕೂಟರಿನ ಮುಂದೆ ಚೀಲ ಇಲ್ಲದೆ ನಾನು ಮನೆಗೆ ಬಂದ ದಿನವೇ ಇಲ್ಲ. ಕಾಯಿ ಮಾರಿದ ದುಡ್ಡು ಒಂದು ವರ್ಷ ಪೂರ್ತಿ ಪೆಟ್ರೋಲಿಗೆ ಆಯಿತು. ರೋಗಿಗೆ ಬಳಸಲು ಕೊಡುವ ಏರ್‌ಬೆಡ್‌ಗೆ ಮನೆಯವರಿಂದ 1000 ರೂಪಾಯಿ ಡಿಪಾಸಿಟ್ ತಗೊಳ್ಳುತ್ತಿದ್ದೆ. ಅದು ದೊಡ್ಡ ನಷ್ಟ, ಕೊಂಡುಕೊಂಡೆವು ಅಂದುಕೊಂಡು ಮೂರು ಮನೆಯವರು ಬೆಡ್ ವಾಪಸ್ ಕೊಡಲೇ ಇಲ್ಲ. ಡಿಪಾಸಿಟ್ ತೆಗೆದೆ. ಈಗ ಹನ್ನೊಂದನೇ ದಿನದ ತಿಥಿಗೆ ಹೋಗಿ, ಊಟ ಮಾಡಿ, ಮನೆಯವರ ಜೊತೆ ಕೂತು ಬರುತ್ತೇನೆ. ಹೊರಡುವಾಗ ಅವರೇ ಬೆಡ್ ಒರೆಸಿ ತಂದಿಡುತ್ತಾರೆ.

ಹೋದ ವರ್ಷ ಅರವತ್ತು ಚಿಲ್ಲರೆ ರೋಗಿಗಳಲ್ಲಿ ನಲವತ್ತೈದಕ್ಕೂ ಜಾಸ್ತಿ ಜನ ಮನೆಯಲ್ಲೇ ಹೋದರು. ರಾತ್ರಿ ಫೋನ್ ತಿಂಗಳಿಗೆ ಮೂರೋ ನಾಲ್ಕೋ. ನಕ್ಕಿದ್ದ ಡಾಕ್ಟರ್ ಈಗ ಅವರ ರೋಗಿಗಳಿಗೆ 'ಡಬ್ಬಿ ಸಿಸ್ಟರ್' ನಂಬರ್ ಕೊಡುತ್ತಾರೆ.

ಡಬ್ಬಿಗಳು ಇಪ್ಪತ್ತು ಇದ್ದವು, ಈಗ ಹದಿನೇಳು. ಒಂದು ಎಲ್ಲಿದೆ ಅಂತ ಗೊತ್ತು. ಮೊನ್ನೆ ಆ ಮನೆಯಲ್ಲಿ ಕಾಫಿಗೆ ಕೂತಿದ್ದೆ. ಒಲೆ ಪಕ್ಕ ಇತ್ತು, ಒಳಗೆ ಸಾಸಿವೆ, ಜೀರಿಗೆ. ಮುಚ್ಚಳಕ್ಕೆ ಅಂಟಿಸಿದ್ದ ಚಂದ್ರ ಅರ್ಧ ಸವೆದಿದ್ದ. ವಾಪಸ್ ಕೇಳಲಿಲ್ಲ.