ಜಿಪಿಎಸ್‌ನಿಂದ ಕಂಪ್ಯೂಟರಿನ ಗಡಿಯಾರ ಸರಿಮಾಡಿಕೊಂಡದ್ದು

ಕಂಪ್ಯೂಟರುಗಳಿಗೆ ಗಂಟೆ ತಿಳಿಸುವ ಇಂಟರ್ನೆಟ್ಟಿನ ಎನ್‌ಟಿಪಿ ಸರ್ವರ್‌ಗಳಿಂದ ಕೆಲವು ಮಿಲಿಸೆಕೆಂಡ್ ಆಚೀಚೆಗೆ ಸಮಯ ಸಿಗುತ್ತಲೇ ಇತ್ತು. ಹೆಚ್ಚಿನವರಿಗೆ ಅಷ್ಟು ಸಾಕು. ನನಗೆ ಮೈಕ್ರೋಸೆಕೆಂಡ್ ಬೇಕಿತ್ತು, ಅದೂ ನೆಟ್ ಇಲ್ಲದಾಗಲೂ. ಹಾಗಾಗಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಒಂದು ಜಿಪಿಎಸ್ ರಿಸೀವರ್ ಜೋಡಿಸಿದೆ.

ಆರಿಸುವಾಗ ನೋಡಿದ್ದು ಒಂದನ್ನೇ: ಪಿಪಿಎಸ್ (ಸೆಕೆಂಡಿಗೊಂದು ಪಲ್ಸ್) ಪಿನ್ ಇದೆಯೇ ಎಂದು. ರಿಸೀವರ್ ಸಮಯವನ್ನು ಸೀರಿಯಲ್ ತಂತಿಯಲ್ಲಿ ಅಕ್ಷರಗಳಾಗಿ ಕಳಿಸುತ್ತದೆ. 9600 ಬಾಡ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 960 ಅಕ್ಷರ. 70-80 ಅಕ್ಷರದ ಒಂದು ಸಾಲು ಬಂದು ಮುಗಿಯುವಷ್ಟರಲ್ಲಿ ಸುಮಾರು 80 ಮಿಲಿಸೆಕೆಂಡ್ ಕಳೆದಿರುತ್ತದೆ. ಕಾಣುವ ಉಪಗ್ರಹಗಳ ಸಂಖ್ಯೆ ಬದಲಾದಂತೆ ಕಳಿಸುವ ಸಾಲುಗಳೂ ಹೆಚ್ಚುಕಡಿಮೆಯಾಗುವುದರಿಂದ ತಡ ಒಂದೇ ಸಮ ಇರುವುದೂ ಇಲ್ಲ. ಬರೀ ಇದನ್ನೇ ನಂಬುವುದಾದರೆ ಇಂಟರ್ನೆಟ್ಟೇ ವಾಸಿ! ಪಿಪಿಎಸ್ ಪಿನ್ ಮಾತ್ರ ಪ್ರತಿ ಸೆಕೆಂಡ್ ಶುರುವಾಗುವ ಕ್ಷಣಕ್ಕೆ, ಹತ್ತಾರು ನ್ಯಾನೋಸೆಕೆಂಡ್ ಆಚೀಚೆ, ಒಂದು ಪಲ್ಸ್ ಕೊಡುತ್ತದೆ. ಅದು ಯಾವ ಸೆಕೆಂಡ್ ಎಂಬುದು ಅದಕ್ಕೆ ಗೊತ್ತಿಲ್ಲ. ಅದನ್ನು ಹೇಳಲು ಆ ನಿಧಾನದ ಅಕ್ಷರಗಳೇ ಬೇಕು.

ಪಿಪಿಎಸ್ ತಂತಿಯನ್ನು ಪೈನ ಜಿಪಿಐಒ 18 ಎಂಬ ಪಿನ್ನಿಗೆ ಕೊಟ್ಟು, ಬೂಟ್ ಕಾನ್ಫಿಗ್‌ನಲ್ಲಿ ಅದರ ಓವರ್‌ಲೇ (ಆ ಪಿನ್ನಿನಲ್ಲಿ ಪಿಪಿಎಸ್ ಇದೆ ಎಂದು ತಿಳಿಸುವ ಸಾಲು) ಸೇರಿಸಿದೆ. ಯುಎಸ್‌ಬಿ ಬೇಡವೆಂದದ್ದು ಬೇಕೆಂದೇ. ಅಲ್ಲಿ ಪಲ್ಸ್ ತನ್ನ ಸರದಿಗೆ ಕಾಯಬೇಕು. ಆಂಟೆನಾ ಆಕಾಶ ಕಾಣುವ ಕಡೆ ಹೋಯಿತು. ಪಲ್ಸ್ ಬರುತ್ತಿದೆಯೇ ಎಂದು ತೋರಿಸುವ ಪಿಪಿಎಸ್‌ಟೆಸ್ಟ್ ಓಡಿಸಿದರೆ ಸೆಕೆಂಡಿಗೊಂದು ಸಾಲು ಬೀಳತೊಡಗಿತು.

ಮುಂದಿನದು ಕಂಪ್ಯೂಟರಿನ ಗಡಿಯಾರ ತಿದ್ದುವ ಕ್ರೋನಿ ಎಂಬ ಪ್ರೋಗ್ರಾಮಿನ ಕೆಲಸ. ಅದರಲ್ಲಿ ಎರಡು ರೆಫ್‌ಕ್ಲಾಕ್ (ಸಮಯದ ಮೂಲ) ಬರೆದೆ: ಅಕ್ಷರದ ಸಮಯಕ್ಕೆ 'ನೋಸೆಲೆಕ್ಟ್', ಅಂದರೆ ನೇರವಾಗಿ ಅದನ್ನು ಅನುಸರಿಸಬೇಡ ಎಂದು; ಪಿಪಿಎಸ್‌ಗೆ ಅದರ ಮೇಲೆ 'ಲಾಕ್', ಅಂದರೆ ಯಾವ ಸೆಕೆಂಡ್ ಎಂಬುದನ್ನು ಆ ಅಕ್ಷರಗಳಿಂದ ತಿಳಿದುಕೋ ಎಂದು. ಅಕ್ಷರದ ಸಮಯ ಸರಾಸರಿ ಎಷ್ಟು ತಡವೆಂದು ಒಂದಿಡೀ ದಿನ ಅಳೆದು ಆ ಅಂಕಿಯನ್ನೇ ಆಫ್‌ಸೆಟ್ ಆಗಿ ಕೊಟ್ಟೆ. ಇಲ್ಲಿ ಸೋಮಾರಿತನ ಸಲ್ಲದು. ತಪ್ಪು ಅರ್ಧ ಸೆಕೆಂಡ್ ದಾಟಿದರೆ ಪಲ್ಸ್ ಪಕ್ಕದ ಸೆಕೆಂಡಿಗೆ ಅಂಟಿಕೊಳ್ಳುತ್ತದೆ, ಆಗ ನಿಮ್ಮ ಗಡಿಯಾರ ಬಹಳ ನಿಖರವಾಗಿ ಒಂದು ಸೆಕೆಂಡ್ ತಪ್ಪಿರುತ್ತದೆ. ಕ್ರೋನಿ ಪಿಪಿಎಸ್ ಅನ್ನು ಆರಿಸಿಕೊಂಡು ಅದರ ಸಾಲಿನ ಮುಂದೆ ನಕ್ಷತ್ರದ ಗುರುತು ಬಂದ ಮೇಲೆ ವ್ಯತ್ಯಾಸ ಕೆಲವೇ ಮೈಕ್ರೋಸೆಕೆಂಡಿಗೆ ಇಳಿಯಿತು. ಉಳಿದದ್ದಕ್ಕೆ ಇಂಟರಪ್ಟ್ ತಡವೂ (ಪಲ್ಸ್ ಬಂದದ್ದನ್ನು ಪ್ರೊಸೆಸರ್ ಗಮನಿಸಲು ಹಿಡಿಯುವ ಸಮಯ) ಬೋರ್ಡಿನ ಬಿಸಿಯೂ ಕಾರಣ. ಪ್ರೊಸೆಸರ್ ಕಾದಾಗ ಗಡಿಯಾರ ನಡೆಸುವ ಹರಳಿನ ಕಂಪನ ಬದಲಾಗುವುದು ಗ್ರಾಫಿನಲ್ಲೇ ಕಾಣುತ್ತದೆ.

ಇಂಟರ್ನೆಟ್ ಸರ್ವರ್‌ಗಳನ್ನು ಕಾನ್ಫಿಗ್‌ನಿಂದ ತೆಗೆದಿಲ್ಲ. ಜಿಪಿಎಸ್ ಸಮಯ 2017ರಿಂದ ಯುಟಿಸಿಗಿಂತ (ಜಗತ್ತಿನ ಗಡಿಯಾರಗಳೆಲ್ಲ ಅನುಸರಿಸುವ ಸಮಯ) 18 ಸೆಕೆಂಡ್ ಮುಂದಿದೆ. ಆ ಅಂತರದ ಮಾಹಿತಿ ಉಪಗ್ರಹದಿಂದ ಬರುವುದು 12.5 ನಿಮಿಷಕ್ಕೊಮ್ಮೆ. ಅದು ಬರುವ ತನಕ ಹೊಸದಾಗಿ ಚಾಲೂ ಮಾಡಿದ ರಿಸೀವರ್ ಹೇಳುವ ಸೆಕೆಂಡನ್ನು ನಾನು ನಂಬುವುದಿಲ್ಲ. ಹಳೆಯ ರಿಸೀವರ್‌ಗಳ ತಾರೀಖನ್ನಂತೂ ನಂಬುವುದೇ ಇಲ್ಲ: ಅವು ವಾರಗಳನ್ನು 10 ಬಿಟ್‌ನಲ್ಲಿ ಎಣಿಸುತ್ತವೆ, 1024 ವಾರಕ್ಕೊಮ್ಮೆ ಎಣಿಕೆ ಸೊನ್ನೆಗೆ ಮರಳುತ್ತದೆ. ಹಿಂದಿನ ಸಲ ಹಾಗಾದದ್ದು 2019ರ ಏಪ್ರಿಲ್‌ನಲ್ಲಿ.